ಅರಿಸಿನದ ಕೈಗೆ ಮದ್ದಿಲ್ಲ

ಶುಕ್ರವಾರ ಏರಿ ಶನಿವಾರ ಇಳಿಯುವ ಕಾಮಾಲೆಯನ್ನು ಈ ಭೂಮಿಯ ಮೇಲೆ ಯಾವ ವೈದ್ಯನೂ ಕಂಡಿರಲಿಲ್ಲ. ಅದನ್ನು ಕಂಡುಹಿಡಿದ ಕೀರ್ತಿ ಮದ್ದು ಕೊಡುವ ಸಮಪಾಲು ಪೆಟ್ಟಿಗೆಗೇ ಸೇರಬೇಕು. ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಉತ್ತರದ ಶ್ರೀಮಂತ ನಗರವೊಂದರಲ್ಲಿರುವ ಸಮಪಾಲು ಕೇಂದ್ರದ ವಿಜ್ಞಾನಿಗಳು ಆ ಕಾಯಿಲೆಯ ಮೇಲೆ ಒಂದು ಪ್ರಬಂಧವನ್ನೂ ಬರೆದು, ‘ತಮ್ಮ ಮಾಹಿತಿಗಾಗಿ’ ಎಂದು ದಾಕ್ಷಾಯಿಣಿಗೆ ಕಳಿಸಿಕೊಟ್ಟಿದ್ದರು.

ಚಾಮರಾಜನಗರದಲ್ಲಿ ಆ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ವಲಯ ನಿಯಂತ್ರಣ ಕೊಠಡಿಗೆ ದಾಕ್ಷಾಯಿಣಿಯೇ ಮುಖ್ಯಸ್ಥೆ. ಅವಳು ಪ್ರಬಂಧವನ್ನು ಸಮಾಧಾನದಿಂದಲೇ ಓದುತ್ತಾ ಬಂದಳು. ‘ವಾರದ ನಿರ್ದಿಷ್ಟ ದಿನಗಳಲ್ಲಿ ಸ್ತ್ರೀಯರ ಯಕೃತ್ತನ್ನು ಬಾಧಿಸುವ ಅಜ್ಞಾತ ಪರಿಸರ ಕಾರಣ’ ಎಂಬ ಸಾಲು ಬಂದಾಗ ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಜಯರಾಜು, ಶುಕ್ರವಾರ ಬೆಳಿಗ್ಗೆ ನಿಮ್ಮ ಮನೆಯವರು ಏನು ಮಾಡ್ತಾರೆ?”

ಜಯರಾಜು ಅಲ್ಲಿಯ ಹಳೆಯ ತಂತ್ರಜ್ಞ. ನಿವೃತ್ತಿಗೆ ಹತ್ತಿರವಾಗಿದ್ದ. “ತಲೆಗೆ ಸ್ನಾನ ಮಾಡ್ತಾರೆ ಮೇಡಂ. ಕೈಕಾಲಿಗೆ ಅರಿಸಿನ ಹಚ್ಕೊಂಡು ಹೊಸಲು ಪೂಜೆ ಮಾಡ್ತಾರೆ. ಯಾಕೆ?”

“ಅದೇ ಕಣ್ರೀ ಅಜ್ಞಾತ ಪರಿಸರ ಕಾರಣ. ನಿಮ್ಮ ಮನೇಲೇ ಇದೆ, ಜೋಪಾನ.”

ಎದುರಿನ ಗೋಡೆಯ ಮೇಲೆ ಜಿಲ್ಲೆಯ ನಕಾಶೆ ಹೊಳೆಯುತ್ತಿತ್ತು. ಮದ್ದು ಕೊಟ್ಟ ಊರು ಹಸಿರು, ಮದ್ದು ನಿರಾಕರಿಸಿದ ಊರು ಹಳದಿ. ಗುಂಡ್ಲುಪೇಟೆಯ ಸುತ್ತಮುತ್ತ ಹಸಿರು ಎನ್ನುವುದನ್ನು ಹುಡುಕಬೇಕಾಗಿತ್ತು. ಅಲ್ಲಿ ಅರಿಸಿನ ಕಿತ್ತು ಬೇಯಿಸುವ ಕಾಲ. ಗೆಡ್ಡೆ ಬೇಯಿಸುವವರು, ಕಣದಲ್ಲಿ ಹರಡುವವರು, ಆರಿಸುವವರು, ಮೂಟೆ ಹೊರುವವರು, ಎಲ್ಲರ ಅಂಗೈಯೂ ಈ ಕಾಲದಲ್ಲಿ ಹಳದಿಯೇ. ಶುಕ್ರವಾರದ ಅರಿಸಿನ ಶನಿವಾರಕ್ಕೆ ಮಾಸುತ್ತದೆ. ಕಣದ ಅರಿಸಿನ ಯುಗಾದಿ ಕಳೆದರೂ ಹೋಗುವುದಿಲ್ಲ.

ಪೆಟ್ಟಿಗೆಯನ್ನು ಮಾಡಿದವರು ದಡ್ಡರೇನಲ್ಲ. ಕೆಂಗಣ್ಣು ಜ್ವರಕ್ಕೆ ಇರುವುದು ಒಂದೇ ಮದ್ದು, ಅದನ್ನು ಒಬ್ಬೊಬ್ಬರ ಮೈಗೆ ತಕ್ಕಂತೆ ಬೇರೆ ಬೇರೆ ಹದದಲ್ಲಿ ಬೆರೆಸಬೇಕು. ಪೆಟ್ಟಿಗೆಯೊಳಗೆ ಅಂಗೈ ಇಟ್ಟರೆ ಸಾಕು. ಅದು ಚರ್ಮದೊಳಗೆ ಬೆಳಕು ಹಾಯಿಸಿ, ನೆತ್ತರನ್ನು ಓದಿ, ಮೂಲದ್ರವ ಎಂಬ ಸಾರದಿಂದ ಆ ಮನುಷ್ಯನಿಗೆ ಬೇಕಾದ ಮದ್ದನ್ನು ಅಲ್ಲೇ ತಯಾರಿಸಿ ಕೊಡುತ್ತದೆ. ಸೂಜಿಯಿಲ್ಲ, ಪ್ರಯೋಗಾಲಯವಿಲ್ಲ, ಡಾಕ್ಟರಿಗಾಗಿ ಕಾಯುವುದೂ ಇಲ್ಲ. ಯಕೃತ್ತು ಕೆಟ್ಟವರಿಗೆ ಮಾತ್ರ ಈ ಮದ್ದೇ ವಿಷ. ಅದಕ್ಕೇ ನೆತ್ತರಲ್ಲಿ ಹಳದಿ ಕಂಡರೆ ಪೆಟ್ಟಿಗೆ ಬಾಗಿಲು ಮುಚ್ಚುತ್ತದೆ. ಕಪ್ಪು, ಕಂದು, ಗೋಧಿ ಬಣ್ಣ ಎಂದು ಜಗತ್ತಿನ ಚರ್ಮದ ಬಣ್ಣಗಳನ್ನೆಲ್ಲ ಅದಕ್ಕೆ ಕಲಿಸಿದ್ದರು. ಚರ್ಮದ ಮೇಲೆ ಮನುಷ್ಯರು ಏನಾದರೂ ಹಚ್ಚಿಕೊಂಡಾರು ಎನ್ನುವುದೊಂದು ಯಾರ ತಲೆಗೂ ಹೊಳೆದಿರಲಿಲ್ಲ.

ಮೂಲದ್ರವ ತಯಾರಾಗುವುದು ಕೆಲವೇ ಶ್ರೀಮಂತ ದೇಶಗಳಲ್ಲಿ. ಜ್ವರದ ಮೊದಲ ಅಲೆ ಬಂದಾಗ ಅವರು ಅದನ್ನು ತಮ್ಮ ಕಣಜದಲ್ಲೇ ತುಂಬಿಕೊಂಡು ಕುಳಿತರು. ಬಡ ದೇಶಗಳಲ್ಲಿ ಜನ ಸತ್ತರು. ಜ್ವರ ಅಲ್ಲೇ ಮೈದುಂಬಿಕೊಂಡು, ವೇಷ ಬದಲಿಸಿ, ಎರಡನೆಯ ಅಲೆಯಾಗಿ ಶ್ರೀಮಂತರ ಬಾಗಿಲನ್ನೇ ತಟ್ಟಿತು. ಪಕ್ಕದ ಮನೆಯ ಬೆಂಕಿ ನಮ್ಮ ಮನೆಗೂ ಬರುತ್ತದೆ ಎಂದು ಆಮೇಲೆ ಬುದ್ಧಿ ಬಂತು. ಎಲ್ಲ ದೇಶಗಳೂ ಕೂತು ಸಮಪಾಲು ಒಪ್ಪಂದ ಮಾಡಿಕೊಂಡವು. ಎಲ್ಲಿ ಎಷ್ಟು ಜ್ವರವೋ ಅಲ್ಲಿಗೆ ಅಷ್ಟು ಪಾಲು, ಯಾರೂ ಯಾರನ್ನೂ ಬೇಡಬೇಕಾಗಿಲ್ಲ. ಒಂದು ಕಡೆ ಬಳಕೆಯಾಗದ ಪಾಲು ಕೊಳೆಯಬಾರದು, ಅದು ತಾನಾಗಿ ಸರದಿಯಲ್ಲಿರುವ ಮುಂದಿನ ನಗರಕ್ಕೆ ಹೋಗಬೇಕು ಎಂಬ ನಿಯಮವನ್ನೂ ಸೇರಿಸಿದರು. ನಮ್ಮವರೂ ಆ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

ಈಗ ಆ ನಿಯಮವೇ ಕೊರಳಿಗೆ ಸುತ್ತಿಕೊಂಡಿತ್ತು. ಪೆಟ್ಟಿಗೆ ಬಹುತೇಕ ಯಾರಿಗೂ ಮದ್ದು ಕೊಡುತ್ತಿಲ್ಲವಾದ್ದರಿಂದ ಈ ಜಿಲ್ಲೆಗೆ ಮದ್ದು ಬೇಕಾಗಿಲ್ಲ ಎಂದು ಕೇಂದ್ರದ ಗಣಕಯಂತ್ರ ತೀರ್ಮಾನಿಸಿತ್ತು. ದಿನ ಬೆಳಗಾದರೆ ಪಾಲು ಕರಗುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಗಿತ್ತು. ದಾಕ್ಷಾಯಿಣಿ ಪತ್ರದ ಮೇಲೆ ಪತ್ರ ಬರೆದಿದ್ದಳು. ಪ್ರತಿ ಪತ್ರಕ್ಕೂ ಒಂದೇ ಉತ್ತರ: ‘ನಿಮ್ಮ ಪತ್ರ ತಲುಪಿದೆ. ತಮಗೆ ನಮ್ಮ ಧನ್ಯವಾದಗಳು.’

ಪ್ರಬಂಧವನ್ನು ಮಡಿಸಿ ಕಸದ ಬುಟ್ಟಿಗೆ ಹಾಕುತ್ತಿದ್ದಾಗ ಮನೆಯಿಂದ ಫೋನ್ ಬಂತು. ಗಂಡ ಗುರುಮಲ್ಲಪ್ಪ.

“ದಾಕ್ಷಿ, ಗೌರ ಬಂದವಳೆ. ಕಣ್ಣು ಕೆಂಡ ಆಗಿದೆ. ಎರಡು ದಿನದಿಂದ ಹಿಂಗೇ ಅಂತೆ, ಈಗ ಹೇಳ್ತಾಳೆ!”

ದಾಕ್ಷಾಯಿಣಿ ಚೀಲ ಎತ್ತಿಕೊಂಡು ಎದ್ದಳು. ಗೌರಮ್ಮ ಗುರುಮಲ್ಲಪ್ಪನ ತಂಗಿ. ಗಂಡ ಹೋದ ಮೇಲೆ ಗುಂಡ್ಲುಪೇಟೆಯ ಹತ್ತಿರ ಅರಿಸಿನ ಬೇಯಿಸುವ ಕಣವನ್ನು ಒಬ್ಬಳೇ ನಡೆಸುವವಳು. ಕೆಂಗಣ್ಣು ಜ್ವರ ಒಂದು ವಾರ ಸತಾಯಿಸಿ ಆಮೇಲೆ ಮಿದುಳಿಗೆ ಏರುತ್ತದೆ. ಏರಿದ ಮೇಲೆ ಯಾವ ಪೆಟ್ಟಿಗೆಯೂ ಏನೂ ಮಾಡಲಾರದು. ಇನ್ನು ನಾಲ್ಕೈದು ದಿನ, ಅಷ್ಟೇ.

ಮನೆಗೆ ಹೋಗಿ ನೋಡಿದರೆ ಗೌರಮ್ಮ ಪಡಸಾಲೆಯ ಚಾಪೆಯ ಮೇಲೆ ಮಲಗಿಕೊಂಡೇ ಅಣ್ಣನನ್ನು ಬೈಯುತ್ತಿದ್ದಳು.

“ಬಾ ಅತ್ಗೆ. ನಿನ್ ಪೆಟ್ಗೆ ನಂಗೆ ಕಾಮಾಲೆ ಅಂತದೆ. ಮೂರ್ ಸಲ ಕೈ ಮಡಗ್ದೆ, ಮೂರ್ ಸಲನೂ ‘ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ’ ಅಂತು. ಕಣದಲ್ಲಿ ಗೆಡ್ಡೆ ಯಾರು ಅದರ ಅಪ್ಪ ಬೇಯಿಸ್ತಾನಾ?”

“ನಿನ್ನ ಕೈ ತೋರ್ಸು.”

ಗೌರಮ್ಮ ಕೈ ಚಾಚಿದಳು. ಅಂಗೈಯ ಗೆರೆಗೆರೆಯಲ್ಲೂ, ಒಡೆದ ಬಿರುಕುಗಳಲ್ಲೂ, ಉಗುರಿನ ಸಂದಿಯಲ್ಲೂ ಇಪ್ಪತ್ತು ವರ್ಷದ ಅರಿಸಿನ ಇಳಿದು ಕೂತಿತ್ತು. ಅಂಗಾಲೂ ಹಾಗೇ. ದಾಕ್ಷಾಯಿಣಿ ಪರಿಚಯದ ಪ್ರಯೋಗಾಲಯದವರನ್ನು ಕರೆಸಿ ಹಳೆಯ ಕ್ರಮದಲ್ಲಿ ಸೂಜಿ ಚುಚ್ಚಿ ನೆತ್ತರು ತೆಗೆಸಿದಳು. ಸಂಜೆಗೆ ಫಲಿತಾಂಶ ಬಂತು. ಯಕೃತ್ತು ಗುಂಡುಕಲ್ಲಿನ ಹಾಗಿದೆ, ಇರುವುದು ಕೆಂಗಣ್ಣು ಜ್ವರ ಒಂದೇ. ಅದನ್ನು ಪೆಟ್ಟಿಗೆಗೆ ತೋರಿಸಿದರೆ ‘ಹೊರಗಿನ ಸಾಕ್ಷ್ಯ ಸ್ವೀಕರಿಸಲಾಗುವುದಿಲ್ಲ’ ಎಂದಿತು. ಮದ್ದನ್ನು ಯಾರಾದರೂ ಡಾಕ್ಟರ ಕೈಯಲ್ಲಿ ಬೆರೆಸಿಸೋಣವೆಂದರೆ ಮೂಲದ್ರವ ಪೆಟ್ಟಿಗೆಯೊಳಗಲ್ಲದೆ ಬೇರೆಲ್ಲೂ ಬಿಚ್ಚಿಕೊಳ್ಳುವುದಿಲ್ಲ.

ಮರುದಿನ ದಾಕ್ಷಾಯಿಣಿ ಕೆಲಸಕ್ಕೆ ಹೊರಡುವ ಮುಂಚೆ ಕೈ ತೊಳೆಯುವ ಕಾರ್ಯ ಶುರುವಾಯಿತು. ಸ್ಪಿರಿಟ್ ಹಾಕಿ ಉಜ್ಜಿದರು, ಮೇಲುಮೇಲಿನದು ಬಂತು, ಒಳಗಿನದು ಅಲ್ಲಾಡಲಿಲ್ಲ. ಕೊಬ್ಬರಿ ಎಣ್ಣೆ ಆಯಿತು, ಹುಣಸೆಹಣ್ಣಾಯಿತು, ನಿಂಬೆಹಣ್ಣಾಯಿತು. ಬಿರುಕಿಗೆ ನಿಂಬೆರಸ ತಾಗಿ ಗೌರಮ್ಮ ಕಿರುಚಿದ್ದನ್ನು ಕೇಳಿ ಎದುರುಮನೆಯವರು ಕಿಟಕಿ ತೆಗೆದರು. ದಾಕ್ಷಾಯಿಣಿ ಹೊರಟ ಮೇಲೆ ಗುರುಮಲ್ಲಪ್ಪ ತನ್ನ ತಲೆ ಓಡಿಸಿದ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು, ರಸಾಯನಶಾಸ್ತ್ರಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಬಟ್ಟೆ ಸೋಪು, ಸೋಡಾಪುಡಿ ಎರಡನ್ನೂ ಬಿಸಿನೀರಿನಲ್ಲಿ ಕಲಸಿ ತಂಗಿಯ ಕೈಯನ್ನು ಅದರಲ್ಲಿ ಅದ್ದಿದ.

ಅರಿಸಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿ ತಟ್ಟೆ ಕಂಡವರಿಗೆಲ್ಲ ಗೊತ್ತು. ಸೋಡಾಪುಡಿಯೂ ಸುಣ್ಣದ ಜಾತಿಯದೇ. ಗೌರಮ್ಮನ ಎರಡೂ ಕೈ ರಕ್ತದಲ್ಲಿ ಅದ್ದಿ ತೆಗೆದ ಹಾಗೆ ಕೆಂಪಾದವು.

“ಅಯ್ಯೋ ಅಣ್ಣಾ, ನನ್ನೇ ಆರತಿ ನೀರು ಮಾಡ್ಬುಟ್ಯಲ್ಲೋ!” ಎಂದು ಗೌರಮ್ಮ ಜ್ವರದಲ್ಲೂ ನಕ್ಕಳಂತೆ. ಗುರುಮಲ್ಲಪ್ಪ ಮಾತ್ರ ಹಳದಿ ಹೋಯಿತಲ್ಲ ಎಂಬ ಸಂತೋಷದಲ್ಲಿ ಆ ಕೆಂಪು ಕೈಯವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಪೆಟ್ಟಿಗೆಗೆ ಕರೆದೊಯ್ದ. ಪೆಟ್ಟಿಗೆ ಒಳಗೆ ಬೆಳಕು ಹಾಯಿಸಿ, ಒಂದು ಗಳಿಗೆ ಯೋಚಿಸಿ, ‘ಕಾಮಾಲೆಯೊಂದಿಗೆ ಚರ್ಮದಡಿ ತೀವ್ರ ರಕ್ತಸ್ರಾವ’ ಎಂದು ಹೇಳಿ ಕೆಂಪು ದೀಪ ಹಚ್ಚಿಕೊಂಡು ಕೂಗತೊಡಗಿತು. ಆಸ್ಪತ್ರೆಯವರು ಸ್ಟ್ರೆಚರ್ ತಂದರು. ಗೌರಮ್ಮ ಅವರನ್ನೂ ಬೈದು, ಆಟೋ ಹತ್ತಿ ಮನೆಗೆ ಬಂದಳು. ಮತ್ತೆ ನಿಂಬೆಹಣ್ಣು ಹಿಂಡಿದ ಮೇಲೆ ಕೈ ಮೊದಲಿನ ಹಳದಿಗೇ ತಿರುಗಿತು.

ಈ ಸುದ್ದಿ ಕೇಳಿದಾಗ ದಾಕ್ಷಾಯಿಣಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ತಲೆ ಮಾತ್ರ ಚಿಟ್ಟು ಹಿಡಿಯಿತು. ಇನ್ನು ಪತ್ರ ಬರೆದು ಕಾಯುವುದು ಸಾಧ್ಯವಿಲ್ಲ ಎಂದುಕೊಂಡು, ಕೇಂದ್ರಕ್ಕೆ ತುರ್ತು ಕರೆ ಮಾಡಿದಳು. ಪರದೆಯ ಮೇಲೆ ಹೆನ್ರಿಕ್ ಎಂಬವನ ಮುಖ ಮೂಡಿತು. ಪೆಟ್ಟಿಗೆಗಳ ನಿಖರತೆಗೆ ಅವನೇ ಹೊಣೆಗಾರ. ಸೌಮ್ಯವಾದ ಮುಖ, ಬಿಳಿ ಗಡ್ಡ. ಅವನು ಅವನ ಭಾಷೆಯಲ್ಲಿ ಮಾತಾಡಿದರೆ ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸುತ್ತಿತ್ತು. ಆ ಯಂತ್ರಕ್ಕೆ ಕನ್ನಡ ಕಲಿಸಿದವರು ಯಾವ ಆಸ್ಥಾನದ ಪಂಡಿತರೋ.

“ಮಹನೀಯಳೇ, ತಮ್ಮ ಕಳವಳವು ನಮ್ಮ ಹೃದಯವನ್ನು ತಟ್ಟಿದೆ,” ಎಂದ ಹೆನ್ರಿಕ್.

“ಹೃದಯ ಹಾಗಿರಲಿ ಸ್ವಾಮಿ. ಅದು ಕಾಮಾಲೆ ಅಲ್ಲ, ಅರಿಸಿನ. ಅಡುಗೆಗೆ ಹಾಕ್ತೀವಲ್ಲ, ಅರಿಸಿನ.”

“ಅವಶ್ಯವಾಗಿ ಅದೊಂದು ಕುತೂಹಲಕರ ಊಹೆ. ಆದರೆ ಪೆಟ್ಟಿಗೆಯನ್ನು ಹದಗೊಳಿಸುವಾಗ ಪ್ರತಿಯೊಂದು ವಲಯದಿಂದಲೂ ನೂರು ಅಂಗೈಗಳನ್ನು ತರಿಸಿಕೊಂಡಿದ್ದೆವು. ತಮ್ಮ ವಲಯದ ನೂರು ಅಂಗೈಗಳು ನನ್ನ ಮುಂದಿವೆ. ಒಂದಾದರೂ ಹಳದಿಯಾಗಿಲ್ಲ.”

ಅವನು ಆ ಚಿತ್ರಗಳನ್ನು ಪರದೆಗೆ ತಂದ. ನೂರು ಅಂಗೈ. ಎಲ್ಲವೂ ಹೂವಿನ ಹಾಗೆ ಮೆತ್ತಗೆ, ಸ್ವಚ್ಛ, ಉಗುರು ಕತ್ತರಿಸಿದವು. ಒಂದರ ಬೆರಳಲ್ಲಿ ಪುಷ್ಯರಾಗದ ಉಂಗುರ. ಕಣದಲ್ಲಿ ದುಡಿದ ಕೈ ಅದರಲ್ಲಿ ಒಂದೂ ಇರಲಿಲ್ಲ. ದಾಕ್ಷಾಯಿಣಿ ಈ ಹುದ್ದೆಗೆ ಬರುವ ಮುಂಚಿನ ಮಾತು ಅದು. ಅವಳು ನಿಧಾನವಾಗಿ ಕತ್ತು ತಿರುಗಿಸಿ ಜಯರಾಜುವನ್ನು ನೋಡಿದಳು.

ಜಯರಾಜು ಗಂಟಲು ಸರಿಮಾಡಿಕೊಂಡ. “ಆಗ ಇದ್ದ ಸಾಹೇಬ್ರು ಹೇಳಿದ್ರು ಮೇಡಂ. ಫಾರಿನ್‌ಗೆ ಹೋಗೋ ಫೋಟೋ, ನೀಟಾಗಿರ್ಲಿ ಅಂತ. ಕಣದವರೂ ಬಂದು ಸಾಲಲ್ಲಿ ನಿಂತಿದ್ರು. ಕೈ ತೊಳ್ಕೊಂಡು ಬನ್ನಿ ಅಂತ ಕಳಿಸಿದ್ವಿ. ಹೋದೋರು ಬರ್ಲೇ ಇಲ್ಲ. ಆಮೇಲೆ ನಮ್ಮ ಆಫೀಸಿನವರದ್ದು, ಪಕ್ಕದ ಬ್ಯಾಂಕಿನವರದ್ದು ಸೇರಿಸಿ ನೂರು ಮಾಡಿದ್ವಿ. ಆ ಉಂಗುರ ಸಾಹೇಬ್ರದ್ದೇ.”

ನೆಂಟರು ಬರುತ್ತಾರೆಂದರೆ ಹರಿದ ಚಾಪೆಯನ್ನು ಒಳಗೆ ಎಸೆದು ಬಾಗಿಲು ಹಾಕುವ ಜನ ನಾವು. ಡಾಕ್ಟರ ಹತ್ತಿರ ಹೋಗುವಾಗಲೂ ಒಳ್ಳೆಯ ಸೀರೆ ಉಟ್ಟು, ‘ಏನೂ ಇಲ್ಲ ಡಾಕ್ಟ್ರೇ, ಚೆನ್ನಾಗಿದೀನಿ’ ಎಂದು ಶುರುಮಾಡುತ್ತೇವೆ. ಕೇಳಿದವರು ತಮ್ಮ ಮೂಗಿನ ತುದಿ ಬಿಟ್ಟು ಆಚೆ ನೋಡಲಿಲ್ಲ, ತೋರಿಸಿದವರು ನಾಚಿಕೆ ಬಿಟ್ಟು ತೋರಿಸಲಿಲ್ಲ. ನಡುವೆ ಸಾಯುವುದು ಗೌರ. ಯಾರ ಮೇಲೆ ಕೂಗಾಡಬೇಕೆಂದು ತಿಳಿಯದೆ ದಾಕ್ಷಾಯಿಣಿಗೆ ಮೈಯೆಲ್ಲ ಉರಿಯಿತು.

“ಆ ನೂರು ಕೈ ತಪ್ಪು ಕೈ,” ಎಂದಳು ಹೆನ್ರಿಕನಿಗೆ. “ಅದು ನಮ್ಮ ತಪ್ಪು, ಒಪ್ಪಿದೆ. ಈಗ ಸರಿ ಮಾಡಿ.”

“ಸರಿಪಡಿಸುವುದಕ್ಕೆ ಅಧ್ಯಯನವೊಂದು ನಡೆಯಬೇಕಾಗುತ್ತದೆ. ಮುಂದಿನ ತ್ರೈಮಾಸಿಕದಲ್ಲಿ ಸಮಿತಿ ಸೇರುತ್ತದೆ. ಅಲ್ಲಿಯವರೆಗೆ ಈ ಪದ್ಧತಿಯನ್ನು ತ್ಯಜಿಸುವಂತೆ ಜನತೆಗೆ ತಿಳಿಹೇಳಬಹುದಲ್ಲವೇ?”

“ಯಾವ ಪದ್ಧತಿ? ದುಡಿಯೋದನ್ನಾ?”

ಯಂತ್ರ ಅದನ್ನು ಹೇಗೆ ತಿರುಗಿಸಿತೋ, ಹೆನ್ರಿಕ್ ತಲೆ ತಗ್ಗಿಸಿದ. ಕೆಟ್ಟ ಮನುಷ್ಯನಲ್ಲ ಅನ್ನುವುದು ಕಾಣುತ್ತಿತ್ತು. ಕೆಟ್ಟವನಾಗಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಇಷ್ಟು ಒಳ್ಳೆಯವನ ಹತ್ತಿರ ಏನು ಮಾಡುವುದು? ಅವನ ಪಕ್ಕದಲ್ಲಿ ಒಂದು ದೊಡ್ಡ ಲೋಟವಿತ್ತು, ಮೇಲೆ ನೊರೆ. ಮಾತಿನ ನಡುವೆ ಅವನು ಅದನ್ನು ಎತ್ತಿ ಗುಟುಕರಿಸಿದಾಗ ನೊರೆಯ ಬಣ್ಣ ದಾಕ್ಷಾಯಿಣಿಯ ಕಣ್ಣಿಗೆ ಬಿತ್ತು.

“ನೀವು ಕುಡೀತಿರೋದು ಏನು?”

“ಇದೇ? ಇದೊಂದು ಆರೋಗ್ಯಕರ ಪಾನೀಯ. ನಮ್ಮ ಉಪಾಹಾರ ಮಂದಿರದಲ್ಲಿ ಬಹಳ ಜನಪ್ರಿಯವಾಗಿದೆ. ಇದನ್ನು ಹೊಂಬಣ್ಣದ ಹಾಲೆಂದು ಕರೆಯುತ್ತಾರೆ.”

“ಅದರೊಳಗೆ ಏನು ಹಾಕ್ತಾರೆ ಅಂತ ಹೋಗಿ ಕೇಳಿ.”

“ಕ್ಷಮಿಸಿ?”

“ಎದ್ದು ಹೋಗಿ ಕೇಳಿ ಸ್ವಾಮಿ! ಆ ಪುಡೀನ ಒಂದು ಹಿಡಿ ಇಸ್ಕೊಳ್ಳಿ, ಅಂಗೈಗೆ ಚೆನ್ನಾಗಿ ತಿಕ್ಕಿಕೊಳ್ಳಿ. ನಿಮ್ಮ ಕಟ್ಟಡದಲ್ಲೂ ಒಂದು ಪೆಟ್ಟಿಗೆ ಇದೆಯಲ್ಲ, ಅದರೊಳಗೆ ಕೈ ಇಡಿ. ಇದಕ್ಕೆ ಯಾವ ಸಮಿತಿಯೂ ಬೇಡ. ನಾನು ಕಾಯ್ತೀನಿ.”

ಜಯರಾಜು ಹೆದರಿಕೊಂಡು, “ಮೇಡಂ, ದೊಡ್ಡೋರು ಅವರು,” ಎಂದು ಪಿಸುಗುಟ್ಟಿದ. ಆದರೆ ಹೆನ್ರಿಕ್ ಒಂದು ಕ್ಷಣ ಲೋಟವನ್ನೇ ನೋಡಿ, ಎದ್ದುಹೋದ. ಖಾಲಿ ಕುರ್ಚಿಯನ್ನು ನೋಡುತ್ತಾ ಇವರಿಬ್ಬರೂ ಕೂತರು. ಅವನು ಮರಳಿ ಬಂದಾಗ ಮುಖ ಬಿಳಿಚಿಕೊಂಡಿತ್ತು, ಅಂಗೈ ಮಾತ್ರ ಚಿನ್ನದ ಹಾಗೆ ಹೊಳೆಯುತ್ತಿತ್ತು.

“ಅದು ನನಗೆ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿತು,” ಎಂದ. “ನನ್ನ ದಾಖಲೆಯಲ್ಲಿ ಕಾಮಾಲೆಯೆಂದು ಬರೆದಾಗಿದೆ. ನನ್ನ ಮದ್ದಿನ ಹಕ್ಕು ರದ್ದಾಗಿದೆ. ಹೊರಗಿನ ಸಾಕ್ಷ್ಯವನ್ನು ಸ್ವೀಕರಿಸುವುದಿಲ್ಲವಂತೆ.”

“ಗೊತ್ತು,” ಎಂದಳು ದಾಕ್ಷಾಯಿಣಿ.

“ಇದು ಭಯಾನಕ!”

“ಅದೂ ಗೊತ್ತು.”

ಮುಂದಿನ ತ್ರೈಮಾಸಿಕ ಎಂದಿದ್ದ ಕೆಲಸ ಮರುದಿನ ಮಧ್ಯಾಹ್ನಕ್ಕೆ ಮುಗಿಯಿತು. ಕೇಂದ್ರದ ಎಲ್ಲರೂ ಹೊಂಬಣ್ಣದ ಹಾಲು ಕುಡಿಯುವವರು, ಚೆಲ್ಲಿಕೊಳ್ಳುವವರು. ತಮ್ಮ ಮಕ್ಕಳ ಕೈ ಹಳದಿಯಾದರೆ ಗತಿಯೇನು ಎಂಬ ಯೋಚನೆ ಬಂದಮೇಲೆ ಸಮಿತಿ ತಾನಾಗಿ ಸೇರಿತು. ಅರಿಸಿನವನ್ನೂ ಕಾಮಾಲೆಯನ್ನೂ ಬೇರೆ ಮಾಡಿ ನೋಡಲು ಬೇಕಾಗಿದ್ದದ್ದು ಇನ್ನೊಂದು ಬಣ್ಣದ ಬೆಳಕು, ಅಷ್ಟೇ. ಪೆಟ್ಟಿಗೆಯಲ್ಲಿ ಆ ದೀಪ ಮೊದಲಿನಿಂದಲೂ ಇತ್ತಂತೆ, ಯಾರೂ ಹಚ್ಚಿರಲಿಲ್ಲ. ಆದರೆ ಹೊಸ ಸೂಚನೆ ಮೊದಲು ಕೇಂದ್ರದ ನಗರಕ್ಕೆ, ಆಮೇಲೆ ಅದರ ಸುತ್ತಿನ ದೇಶಗಳಿಗೆ, ಹೀಗೆ ಅಲೆಅಲೆಯಾಗಿ ಹೋಗಬೇಕು, ನಿಮ್ಮದು ಕೊನೆಯ ಅಲೆ ಎಂದರು. ದಾಕ್ಷಾಯಿಣಿ ಪರದೆಯ ಮುಂದೆ ನಿಂತು ಕೂಗಿದ ಮಾತುಗಳನ್ನು ಆಸ್ಥಾನ ಪಂಡಿತ ಯಂತ್ರ ತಿರುಗಿಸಲು ನಿರಾಕರಿಸಿತು. ಹೆನ್ರಿಕನಿಗೆ ಅವಳ ಮುಖ ನೋಡಿಯೇ ಅರ್ಥವಾಗಿರಬೇಕು. ಯಾರನ್ನು ಕಾಡಿದನೋ ಬೇಡಿದನೋ, ಸಂಜೆಗೆ ಚಾಮರಾಜನಗರದ ಪೆಟ್ಟಿಗೆಗಳಿಗೂ ಸೂಚನೆ ಬಂತು.

ಗೌರಮ್ಮನಿಗೆ ಅಷ್ಟರಲ್ಲಿ ಎದ್ದು ಕೂರುವುದಕ್ಕೂ ಆಗುತ್ತಿರಲಿಲ್ಲ. ಒಮ್ಮೊಮ್ಮೆ ಸತ್ತ ಗಂಡನನ್ನು ಹೆಸರು ಹಿಡಿದು ಕರೆದು, ಕೊಪ್ಪರಿಗೆಯ ಕೆಳಗೆ ಉರಿ ಜಾಸ್ತಿಯಾಯಿತು ಎಂದು ಗದರಿಸುತ್ತಿದ್ದಳು. ಜ್ವರ ಎಣಿಸಿದ್ದಕ್ಕಿಂತ ಬೇಗನೇ ಮಿದುಳಿನ ಕಡೆಗೆ ಕಾಲಿಟ್ಟಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಗುರುಮಲ್ಲಪ್ಪ ತಂಗಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಆಸ್ಪತ್ರೆಯ ಪೆಟ್ಟಿಗೆಯ ಮುಂದೆ ಕೂರಿಸಿದ. ದಾಕ್ಷಾಯಿಣಿ ನಾದಿನಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಒಳಗಿಟ್ಟಳು. ಬೆಳಕು ಹಾಯಿತು. ಹಸಿರು ದೀಪ ಹತ್ತಿತು.

‘ಯಕೃತ್ತು ಆರೋಗ್ಯಕರ. ತಾವು ಮದ್ದಿಗೆ ಅರ್ಹರು,’ ಎಂದಿತು ಪೆಟ್ಟಿಗೆ. ಗುರುಮಲ್ಲಪ್ಪ ಕಣ್ಣೊರೆಸಿಕೊಂಡ. ಪೆಟ್ಟಿಗೆಯ ಮಾತು ಇನ್ನೂ ಮುಗಿದಿರಲಿಲ್ಲ. ‘ಮೂಲದ್ರವ ದಾಸ್ತಾನಿಲ್ಲ. ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ.’

ದಾಕ್ಷಾಯಿಣಿ ಜಯರಾಜುವಿಗೆ ಫೋನ್ ಮಾಡಿದಳು. ಅವನು ಹುಡುಕಿ ಹೇಳಿದ. ಜಿಲ್ಲೆಯ ಪಾಲು ಸೊನ್ನೆಗೆ ಇಳಿದು ಎರಡು ದಿನವಾಗಿದೆ. ನಮ್ಮ ಕೊನೆಯ ಕಂತು ಮೈಸೂರಿನ ಶೀತಲ ಗೋದಾಮಿನಲ್ಲೇ ಇದೆ, ವಿಮಾನಕ್ಕೆ ಕಾಯುತ್ತಿದೆ. ಈಗ ಅದು ಸರದಿಯಲ್ಲಿದ್ದ ಮುಂದಿನ ನಗರದ್ದು.

“ಯಾವ ನಗರ?”

“ಹೆನ್ರಿಕ್ ಅವರದ್ದೇ ಮೇಡಂ. ಅಲ್ಲಿ ಜ್ವರ ಇಲ್ಲ. ಮುಂಜಾಗ್ರತೆಗೆ ಅಂತ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದೂವರೆ ಗಂಟೆಯ ದಾರಿಯಲ್ಲಿ ಗೌರಳ ಮದ್ದು ತಣ್ಣಗೆ ಕೂತಿದೆ, ಅದರ ಮೇಲೆ ಬೇರೆಯವರ ಹೆಸರು. ದಾಕ್ಷಾಯಿಣಿ ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಹೆನ್ರಿಕನನ್ನು ಹಿಡಿದಳು. ಅವನ ಅಂಗೈಯ ಹಳದಿ ಇನ್ನೂ ಹೋಗಿರಲಿಲ್ಲ.

“ವಾಪಸ್ ಕೊಡಿ,” ಎಂದಳು.

ಹೆನ್ರಿಕ್ ತನ್ನ ಮುಂದಿನ ಪರದೆಯಲ್ಲಿ ಏನೇನೋ ಒತ್ತಿದ. ಮತ್ತೆ ಒತ್ತಿದ. “ನಿಯಮಾವಳಿಯಲ್ಲಿ ಹಿಂತಿರುಗಿಸುವಿಕೆ ಎಂಬುದೇ ಇಲ್ಲ. ಪಾಲು ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬರುವುದನ್ನು ಯಾರೂ ಊಹಿಸಿರಲಿಲ್ಲ.” ಅವನ ಧ್ವನಿ ಕುಗ್ಗಿತು. “ಒಂದೇ ದಾರಿ ಇದೆ. ನಮ್ಮ ನಗರವು ತಮಗೆ ಅದನ್ನು ದಾನ ಮಾಡಬಹುದು.”

“ದಾನ.”

“ಆ ಪದಕ್ಕಾಗಿ ನಾನು ನಾಚುತ್ತೇನೆ.”

ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಮಾತನ್ನು ಕೇಳಿದ್ದಳು. ಇದು ಅದಕ್ಕಿಂತ ಒಂದು ಕೈ ಹೆಚ್ಚಾಗಿತ್ತು. ನಮ್ಮ ಮನೆಯ ಅಕ್ಕಿಯನ್ನು ಹೊತ್ತುಕೊಂಡು ಹೋಗಿ, ನಮಗೇ ಭಿಕ್ಷೆ ನೀಡಿ, ಪುಣ್ಯವನ್ನೂ ತಾವೇ ಕಟ್ಟಿಕೊಳ್ಳುವುದು. ಚಪ್ಪಾಳೆ ತಟ್ಟಿದವರೆಲ್ಲ ಬಂದು ಈ ಬೆಂಚಿನ ಮೇಲೆ ಮಲಗಿರುವ ಹೆಂಗಸನ್ನು ನೋಡಲಿ ಎನಿಸಿತು. ಆದರೆ ಮಾನ ನೋಡಿಕೊಂಡು ಕೂರುವ ಹೊತ್ತಲ್ಲ ಅದು. “ಮಾಡಿ,” ಎಂದಳು. “ದಾನ ಅನ್ನಿ, ಧರ್ಮ ಅನ್ನಿ, ಬೇಗ ಮಾಡಿ.”

ಗೋದಾಮಿನ ಬೀಗ ತೆಗೆಯಲು ಇನ್ನೊಂದೇ ಕೆಲಸ ಬಾಕಿ ಇತ್ತು. ದಾನ ಪಡೆಯುವವರ ಭಾವಚಿತ್ರ. ಎರಡೂ ಕೈ ಸ್ಪಷ್ಟವಾಗಿ ಕಾಣಬೇಕು, ಕೃತಜ್ಞತೆಯ ಭಂಗಿಯಲ್ಲಿರಬೇಕು. ಚಿತ್ರ ಬರದೆ ಗಣಕಯಂತ್ರ ಮುಂದಿನ ಹೆಜ್ಜೆ ಇಡುವುದಿಲ್ಲ. ಹೆನ್ರಿಕ್ ಇದನ್ನು ಹೇಳುವಾಗ ಕಣ್ಣು ಎತ್ತಲಿಲ್ಲ.

ದಾಕ್ಷಾಯಿಣಿ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. “ಗೌರಾ, ಒಂದು ಗಳಿಗೆ ಕಣ್ಣು ಬಿಡು ತಾಯಿ. ಕೈ ಮುಗಿ. ಫೋಟೋ ಬೇಕಂತೆ.”

ಗೌರಮ್ಮ ಕೆಂಪು ಕಣ್ಣನ್ನು ಕಷ್ಟಪಟ್ಟು ತೆರೆದಳು. ಜ್ವರ ಒಂದು ಗಳಿಗೆ ಅವಳನ್ನು ಬಿಟ್ಟುಕೊಟ್ಟ ಹಾಗಿತ್ತು. “ಯಾರಿಗೆ?”

“ಮದ್ದು ಕೊಡೋರಿಗೆ.”

“ಮದ್ದು ನಮ್ದಲ್ವಾ?”

“ನಮ್ದೇ.”

“ನಮ್ ಪದಾರ್ಥ ನಮಗ್ ಕೊಡಕ್ಕೆ ನಾನ್ಯಾಕೆ ಕೈ ಮುಗೀಲಿ? ಮಾದಪ್ಪಂಗ್ ಮುಗೀತೀನಿ. ಇವ್ರಿಗ್ ಮುಗಿಯಕಿಲ್ಲ.”

“ಗೌರಾ, ಸಾಯ್ತೀಯ ಕಣೇ!” ದಾಕ್ಷಾಯಿಣಿ ಅವಳ ಭುಜ ಹಿಡಿದು ಅಲ್ಲಾಡಿಸಿದಳು. ಇಷ್ಟು ದಿನ ಪರದೆಗಳ ಮೇಲೆ, ಪತ್ರಗಳ ಮೇಲೆ, ಜಯರಾಜುವಿನ ಮೇಲೆ ಬಂದ ಸಿಟ್ಟೆಲ್ಲ ಈ ಹಟಮಾರಿ ಹೆಂಗಸಿನ ಮೇಲೆ ತಿರುಗಿತು. “ನಿನ್ನ ಕಾಲಿಗೆ ಬೀಳ್ತೀನಿ, ಒಂದು ಸಲ ಮುಗಿದುಬಿಡು. ಆಮೇಲೆ ನೀನು ಏನು ಬೈದರೂ ಕೇಳ್ತೀನಿ. ರೀ, ನೀವಾದ್ರೂ ಹೇಳ್ರೀ!”

ಗುರುಮಲ್ಲಪ್ಪ ಫೋನನ್ನು ಎತ್ತಿ ಹಿಡಿದು ನಿಂತಿದ್ದ. “ಗೌರಾ, ಅಣ್ಣ ಕೇಳ್ತಾ ಇವ್ನಿ,” ಎಂದ.

ಗೌರಮ್ಮ ಅಣ್ಣನ ಮುಖ ನೋಡಿದಳು, ಫೋನನ್ನು ನೋಡಿದಳು. ಆಮೇಲೆ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಎರಡೂ ಕೈಯನ್ನು ಎತ್ತಿ, ಮುಗಿಯದೆ, ಅಂಗೈ ಅಗಲಿಸಿ ಫೋನಿನ ಮುಖಕ್ಕೆ ಹಿಡಿದಳು. “ನೋಡ್ಕಳಿ. ಇದು ಅರಿಸ್ನ. ಚೆಂದಾಗಿ ನೋಡ್ಕಳಿ,” ಎಂದು ಹೇಳಿ ಕೈ ಕೆಳಗೆ ಬಿಟ್ಟಳು. ಗುರುಮಲ್ಲಪ್ಪನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿಬಿಟ್ಟಿತ್ತು.

ಹಳದಿ ಬಣ್ಣವನ್ನು ಕಾಮಾಲೆಯೆಂದೂ, ಸೋಡಾಪುಡಿಯನ್ನು ರಕ್ತಸ್ರಾವವೆಂದೂ ಓದಿದ ಯಂತ್ರಗಳ ದಾಯಾದಿ ಆ ಚಿತ್ರವನ್ನು ಮೇಲಿಂದ ಕೆಳಗೆ ನೋಡಿತು. ಎರಡು ಕೈ ಇವೆ, ಸ್ಪಷ್ಟವಾಗಿವೆ.

‘ಕೃತಜ್ಞತೆ ದಾಖಲಾಗಿದೆ,’ ಎಂದಿತು. ಮೈಸೂರಿನಲ್ಲಿ ಗೋದಾಮಿನ ಬೀಗ ತೆರೆಯಿತು. ರಾತ್ರಿ ಊಟದ ಹೊತ್ತಿಗೆ ಜೀಪು ಬಂತು, ಪೆಟ್ಟಿಗೆಯ ಹೊಟ್ಟೆ ತುಂಬಿತು. ಗೌರಮ್ಮನಿಗೆ ಮದ್ದು ಬಿತ್ತು. ಸುದ್ದಿ ಕೇಳಿ ಬಂದು ಅವಳ ಹಿಂದೆ ಸಾಲುಗಟ್ಟಿದ್ದ ಕಣದ ಹೆಂಗಸರು ಒಬ್ಬೊಬ್ಬರಾಗಿ ಕೈ ಒಳಗಿಟ್ಟರು.

ಯುಗಾದಿ ಕಳೆದ ಮೇಲೆ ಗೌರಮ್ಮ ಮತ್ತೆ ಚಾಮರಾಜನಗರಕ್ಕೆ ಬಂದಳು, ಈ ಸಲ ಬೆಲ್ಲ ಅರಿಸಿನ ಹೊತ್ತುಕೊಂಡು. ದಾಕ್ಷಾಯಿಣಿ ಸಮಪಾಲು ಕೇಂದ್ರದ ವಾರ್ಷಿಕ ವರದಿಯನ್ನು ತೆರೆದು ತೋರಿಸಿದಳು. ಮುಖಪುಟದ ತುಂಬ ಗೌರಮ್ಮನ ಎರಡು ಹಳದಿ ಅಂಗೈ. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಕೃತಜ್ಞತೆ’ ಎಂದಿತ್ತು. ಒಳಗೆ ಎಲ್ಲೋ ಒಂದು ಮೂಲೆಯಲ್ಲಿ, ಪಾಲು ಹಿಂತಿರುಗಿಸುವ ನಿಯಮ ಬೇಕೆಂದು ಹೆನ್ರಿಕ್ ಎಂಬ ಅಧಿಕಾರಿ ಕೇಳಿದ್ದಾರೆ, ಪರಿಶೀಲನೆಯಲ್ಲಿದೆ ಎಂದೂ ಇತ್ತು.

“ಇದೇನ್ ಅತ್ಗೆ ಬರ್ದವ್ರೆ?”

ದಾಕ್ಷಾಯಿಣಿ ಓದಿ ಹೇಳಿದಳು.

“ನಾನ್ ಕೈ ಮುಗ್ದಿಲ್ಲ ಅಂತ ಬರಿ. ಈಗ್ಲೇ ಬರಿ, ನನ್ ಮುಂದೇನೇ ಬರಿ.”

ದಾಕ್ಷಾಯಿಣಿ ಬರೆದಳು. ‘ಮುಖಪುಟದ ಚಿತ್ರದಲ್ಲಿರುವವರು ಕೈ ಮುಗಿದಿಲ್ಲ, ಕೈ ತೋರಿಸಿದ್ದಾರೆ. ಮದ್ದು ಅವರ ಪಾಲಿನದು. ದಯವಿಟ್ಟು ತಿದ್ದಿ.’ ಕಳಿಸಿದ ಮರುಗಳಿಗೆಯೇ, ಯಾವತ್ತಿನ ಹಾಗೆ, ಯಂತ್ರದ ಉತ್ತರ ಬಂತು. ಓದಿ ಅವಳು ಹಣೆ ಚಚ್ಚಿಕೊಂಡಳು.

“ಏನಂತೆ?” ಎಂದಳು ಗೌರಮ್ಮ.

“ಏನಿರುತ್ತೆ. ಪತ್ರ ತಲುಪಿದೆ, ತಮಗೆ ನಮ್ಮ ಧನ್ಯವಾದಗಳು ಅಂತೆ.”

ಗೌರಮ್ಮ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಯೋಚಿಸಿದಳು.

“ಸರ್ಯಾಗೇ ಅದೆ ಬುಡು,” ಎಂದಳು. “ಹೇಳ್ಬೇಕಾದೋರೇ ಹೇಳವ್ರೆ.”